ಹವಳಕ್ಕಿಂತ ಮೊದಲು ತಿಂಗಳ ಲೆಕ್ಕ

ಮನೆಯಲ್ಲಿ ಸಮುದ್ರದ ಹವಳ ಸಾಕುವ ಆಸೆ ಹೊತ್ತು ಬರುವವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಮೊನ್ನೆ ಅಕ್ಕನ ಮಗನೂ ಅದನ್ನೇ ಕೇಳಿದ: ‘ಮಾವ, ಟ್ಯಾಂಕ್ ಎಷ್ಟಕ್ಕೆ ಬೀಳುತ್ತದೆ?’ ತಿಂಗಳಿಗೆ ಎಷ್ಟು ಬೀಳುತ್ತದೆ ಎಂದು ಮೊದಲು ಕೇಳು ಅಂದೆ. ಗಾಜು, ದೀಪ, ಪಂಪುಗಳಿಗೆ ಒಮ್ಮೆ ದುಡ್ಡು ಕೊಟ್ಟರೆ ಕೆಲವು ವರ್ಷ ಚಿಂತೆಯಿಲ್ಲ. ಉಪ್ಪು, ಕರೆಂಟು, ಶುದ್ಧ ನೀರು ಮಾತ್ರ ಹವಳ ಬದುಕಿರುವಷ್ಟು ಕಾಲವೂ ದುಡ್ಡು ಕೇಳುತ್ತವೆ. ದಕ್ಷಿಣ ಕನ್ನಡದ ನರಿಮೊಗರಿನಲ್ಲಿ ಅಡಿಕೆ ನಂಬಿ ಬದುಕುವ ನಮ್ಮಂಥವರಿಗೆ ಈ ಲೆಕ್ಕ ಇನ್ನಷ್ಟು ಮುಖ್ಯ. ನಮ್ಮ ದುಡ್ಡು ಅಡಿಕೆ ಕೊಟ್ಟಾಗ ಒಟ್ಟಿಗೆ ಬರುತ್ತದೆ; ಟ್ಯಾಂಕಿನ ಖರ್ಚು ತಿಂಗಳು ತಿಂಗಳೂ ತಪ್ಪದೆ ಹೋಗುತ್ತದೆ.

ಆ ತಿಂಗಳ ಖರ್ಚನ್ನು ತೀರ್ಮಾನಿಸುವುದು ಟ್ಯಾಂಕಿನ ಗಾತ್ರಕ್ಕಿಂತ ಹೆಚ್ಚಾಗಿ ಅದರ ಥೀಮ್. ಸ್ಥೂಲವಾಗಿ ಮೂರು ದಾರಿಗಳಿವೆ. ಅಕ್ರೋಪೋರಾ, ಯೂಫಿಲಿಯಾದಂಥ ಸುಣ್ಣದ ಗೂಡು ಕಟ್ಟುವ ಗಟ್ಟಿ ಹವಳಗಳದ್ದು ಒಂದು. ಮಶ್ರೂಮ್, ಜೋವಾಂಥಸ್, ಲೆದರ್ ಹವಳಗಳಂಥ ಮೃದು ಬಗೆಯವು ಇನ್ನೊಂದು. ಎರಡನ್ನೂ ಬೆರೆಸಿದ ಮಿಶ್ರ ಟ್ಯಾಂಕ್ ಮೂರನೆಯದು. ವಿಡಿಯೊಗಳಲ್ಲಿ ಕಣ್ಣು ಸೆಳೆಯುವುದು ಹೆಚ್ಚಾಗಿ ಮೊದಲನೆಯದು ಮತ್ತು ಮೂರನೆಯದು. ನಾನು ಆರಿಸಿಕೊಂಡದ್ದು, ಬೇರೆಯವರಿಗೂ ಹೇಳುವುದು ಎರಡನೆಯದನ್ನು. ಅದಕ್ಕೆ ಕಾರಣಗಳಿವೆ.

ಮೊದಲ ಕಾರಣ ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ 2001ರಲ್ಲಿ ಎಲ್ಲ ಗಟ್ಟಿ ಹವಳಗಳನ್ನೂ ಸೇರಿಸಲಾಯಿತು. ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸೀ ಫ್ಯಾನ್‌ಗಳೂ ಸೇರಿದವು. ಹುಲಿ, ಆನೆ ಇರುವ ಪಟ್ಟಿಯೇ ಅದು. ಇವುಗಳ ವಿಷಯದಲ್ಲಿ ತಪ್ಪು ಸಾಬೀತಾದರೆ ಕನಿಷ್ಠ 3 ವರ್ಷ ಸೆರೆ. 2022ರ ತಿದ್ದುಪಡಿಯ ನಂತರ ದಂಡವೂ ಕನಿಷ್ಠ 25,000 ರೂಪಾಯಿ. ಸಮುದ್ರಕುದುರೆಯೂ ಇದೇ ಪಟ್ಟಿಯಲ್ಲಿದೆ. ಯಾರೋ ಅಗ್ಗಕ್ಕೆ ಕೊಡುತ್ತಾರೆಂದು ಇಂಥದ್ದಕ್ಕೆ ಕೈಹಾಕಿದರೆ ಅದು ಮನೆಯ ಉಳಿತಾಯಕ್ಕೇ ಅಪಾಯ. ಅಲಂಕಾರಕ್ಕೆಂದು ಮಾರುವ ಸತ್ತ ಹವಳದ ಕಲ್ಲೂ ಬೇಡ. ಸೆರಾಮಿಕ್ ಅಥವಾ ಸಿಮೆಂಟಿನ ಕೃತಕ ಬಂಡೆ ಸಾಕು. ಮೃದು ಬಗೆಯದನ್ನು ಕೊಳ್ಳುವಾಗಲೂ ಜಾತಿಯ ಹೆಸರು ಬರೆದ ಬಿಲ್ಲು ಪಡೆದು ಜೋಪಾನವಾಗಿಡಿ.

ಈ ಕಾನೂನನ್ನು ನಾನು ಮನಸಾರೆ ಒಪ್ಪುತ್ತೇನೆ. ಲಕ್ಷದ್ವೀಪದ ಅಮಿನಿ, ಕಡಮತ್ ದ್ವೀಪಗಳು 1956ರ ನವೆಂಬರ್ 1ರವರೆಗೆ ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿನ ಹವಳ ದಿಬ್ಬಗಳು ಸಮುದ್ರದ ಬಿಸಿಗೆ 1998, 2010, 2016 ಮತ್ತು 2024ರಲ್ಲಿ ಬಿಳಿಚಿಕೊಂಡಿವೆ. ಅಂಥ ದಿಬ್ಬದಿಂದ ಮುರಿದ ಒಂದು ತುಂಡೂ ನಮ್ಮ ಚಾವಡಿಗೆ ಬರಬಾರದು.

ಎರಡನೆಯ ಕಾರಣ ಕರೆಂಟು. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿಗೆ ಸುಮಾರು 190 ಲೀಟರ್ ನೀರು ಹಿಡಿಯುತ್ತದೆ. ಗಟ್ಟಿ ಹವಳಕ್ಕಾದರೆ 200 ವಾಟಿನ ದೀಪ ದಿನಕ್ಕೆ 10 ಗಂಟೆ, ನೀರು ತಂಪಾಗಿಡುವ 200 ವಾಟಿನ ಚಿಲ್ಲರ್ 12 ಗಂಟೆ, ಒಟ್ಟು 60 ವಾಟಿನ ಪಂಪುಗಳು ಹಗಲೂ ರಾತ್ರಿ ಎಂದು ಹಿಡಿಯಿರಿ. ತಿಂಗಳಿಗೆ ಸುಮಾರು 175 ಯೂನಿಟ್. ಮೃದು ಹವಳಕ್ಕೆ 60 ವಾಟಿನ ದೀಪ 8 ಗಂಟೆ, 25 ವಾಟಿನ ಪಂಪು, ನೀರಿನ ಮೇಲೆ ಗಾಳಿ ಹಾಯಿಸುವ ಸಣ್ಣ ಫ್ಯಾನು ಸಾಕು. ತಿಂಗಳಿಗೆ 38 ಯೂನಿಟ್. ಏಪ್ರಿಲ್, ಮೇ ತಿಂಗಳ ಸೆಕೆಗೆ ಸಣ್ಣ ಚಿಲ್ಲರ್ ಸೇರಿದರೂ 83 ದಾಟದು.

ಇದನ್ನು ರಾಜ್ಯ ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯ ಜೊತೆ ಇಟ್ಟು ನೋಡಿ. ಮನೆಯ ಬಳಕೆ 2022-23ರಲ್ಲಿ ತಿಂಗಳಿಗೆ ಸರಾಸರಿ 90 ಯೂನಿಟ್ ಇದ್ದರೆ, ಶೇ. 10 ಸೇರಿ 99 ಯೂನಿಟ್ ಉಚಿತ. ಮೃದು ಹವಳದ ಟ್ಯಾಂಕ್ ಇಟ್ಟರೆ ಬಳಕೆ 128; ಹೆಚ್ಚಿನ 29 ಯೂನಿಟ್‌ಗೆ ಮಾತ್ರ ಹಣ. ಬೇಸಗೆಯಲ್ಲೂ 173. ಗಟ್ಟಿ ಹವಳದ ಟ್ಯಾಂಕ್ ಇಟ್ಟರೆ 265 ಆಗುತ್ತದೆ. 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಅಂದರೆ ಟ್ಯಾಂಕಿನ ಖರ್ಚಿನ ಜೊತೆಗೆ ಮನೆಗೆ ಸಿಗುತ್ತಿದ್ದ ಉಚಿತ ಕರೆಂಟೂ ಕೈಬಿಡುತ್ತದೆ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋದರೆ ಏನು ಗತಿ ಎಂಬುದನ್ನೂ ಯೋಚಿಸಬೇಕು. 10 ವಾಟಿನ ಅಲೆಯ ಪಂಪೊಂದನ್ನು ಮನೆಯ ಇನ್ವರ್ಟರು ಒಂದು ರಾತ್ರಿ ಸುಲಭವಾಗಿ ಓಡಿಸುತ್ತದೆ; ಚಿಲ್ಲರ್ ಓಡಿಸಲು ಹೋದರೆ ಬ್ಯಾಟರಿ ಬೇಗನೆ ಬರಿದಾಗುತ್ತದೆ.

ಉಪ್ಪಿನ ಲೆಕ್ಕ ಸರಳ. ಲೀಟರಿಗೆ ಸುಮಾರು 35 ಗ್ರಾಂ ಸಮುದ್ರ ಉಪ್ಪಿನ ಮಿಶ್ರಣ. ಮೊದಲ ಸಲ ತುಂಬಲು ಸುಮಾರು ಆರೂವರೆ ಕಿಲೋ. ವಾರಕ್ಕೊಮ್ಮೆ ಹತ್ತನೇ ಒಂದು ಪಾಲು ನೀರು ಬದಲಿಸಿದರೆ ತಿಂಗಳಿಗೆ ಸುಮಾರು 2.8 ಕಿಲೋ. ಮೃದು ಹವಳಕ್ಕೆ ಬೇಕಾದ ಖನಿಜಾಂಶ ಹೆಚ್ಚಾಗಿ ಈ ಹೊಸ ನೀರಿನಲ್ಲೇ ಸಿಗುತ್ತದೆ. ಗಟ್ಟಿ ಹವಳಕ್ಕೆ ಕ್ಯಾಲ್ಸಿಯಂ, ಕ್ಷಾರಾಂಶಗಳನ್ನು ಬೇರೆಯಾಗಿ ಕೊಡುತ್ತಿರಬೇಕು, ಪದೇ ಪದೇ ಅಳೆಯುತ್ತಲೂ ಇರಬೇಕು.

ಮಿಶ್ರ ಟ್ಯಾಂಕ್ ಬೇಡ ಎನ್ನಲು ಇನ್ನೊಂದು ಕಾರಣವಿದೆ. ಲೆದರ್ ಹವಳಗಳು ನೀರಿಗೆ ಬಿಡುವ ರಾಸಾಯನಿಕಗಳು ಗಟ್ಟಿ ಹವಳದ ಬೆಳವಣಿಗೆ ಕುಗ್ಗಿಸುತ್ತವೆ. ಯೂಫಿಲಿಯಾ ರಾತ್ರಿ ಉದ್ದನೆಯ ಎಳೆ ಚಾಚಿ ಪಕ್ಕದ್ದನ್ನು ಚುಚ್ಚುತ್ತದೆ. ಅಡಿಕೆ ತೋಟದಲ್ಲಿ ಕಾಳುಮೆಣಸು, ಕೊಕ್ಕೊ, ಬಾಳೆಯನ್ನು ನೆರಳು ನೋಡಿ ನೆಡುವ ಹಾಗೆ ಇಲ್ಲೂ ನೆರೆಹೊರೆ ನೋಡಿಯೇ ಇಡಬೇಕು. ನನ್ನ ಟ್ಯಾಂಕಿನಲ್ಲಿ ಬೆಳಕು ಕಡಿಮೆ ಇರುವ ಕೆಳಭಾಗದಲ್ಲಿ ಮಶ್ರೂಮ್, ನಡುವಿನ ಬಂಡೆಯಲ್ಲಿ ಜೋವಾಂಥಸ್, ಮೇಲೆ ನೀರಿನ ಸೆಳೆತ ಇರುವಲ್ಲಿ ಲೆದರ್ ಹವಳ ಇವೆ. ವೇಗವಾಗಿ ಹಬ್ಬುವ ಝೀನಿಯಾ ಹವಳ ಒಂಟಿ ಕಲ್ಲಿನ ಮೇಲಿದೆ. ಎಲ್ಲವನ್ನೂ ಸಣ್ಣ ತುಂಡಾಗಿಯೇ ತಂದದ್ದು. ಮಶ್ರೂಮ್ ತಾನಾಗಿಯೇ ಮರಿ ಹಾಕುತ್ತದೆ. ದೊಡ್ಡದನ್ನು ಕೊಳ್ಳುವುದು ದಂಡದ ಖರ್ಚು. ಜೋವಾಂಥಸ್ ಗುಂಪಿನ ಕೆಲವುಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಉಗ್ರ ವಿಷವಿದೆ. ಮುಟ್ಟುವಾಗ ಕೈಗವಸು, ಕತ್ತರಿಸುವಾಗ ಕನ್ನಡಕ ಇರಲೇಬೇಕು. ಅದು ಅಂಟಿದ ಕಲ್ಲನ್ನು ಎಂದೂ ಬಿಸಿನೀರಲ್ಲಿ ಕುದಿಸಬಾರದು.

ತೋಟದ ಮನೆಯವರು ಇನ್ನೊಂದು ಎಚ್ಚರ ವಹಿಸಬೇಕು. ಅಡಿಕೆಗೆ ಮದ್ದು ಬಿಡುವಾಗ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕುತ್ತೇವೆ. ಮೈಲುತುತ್ತಿನಲ್ಲಿರುವ ತಾಮ್ರದ ಅಂಶ ಒಂದಿಷ್ಟು ಸೇರಿದರೂ ಹವಳಕ್ಕೆ ಮಾರಕ. ನಮ್ಮಲ್ಲಿ ಟ್ಯಾಂಕಿನ ಬಕೆಟು, ಮಗ್ಗು, ಬಟ್ಟೆ ಎಲ್ಲ ಬೇರೆ. ಕೊಟ್ಟಿಗೆಯ ಕಡೆ ಅವು ಹೋಗುವುದೇ ಇಲ್ಲ. ಮದ್ದು ಬಿಡುವ ದಿನ ಕಿಟಕಿ ಮುಚ್ಚಿ, ಟ್ಯಾಂಕಿಗೆ ಮುಚ್ಚಳ ಹಾಕುತ್ತೇವೆ. ಮಾಡಿನ ಮಳೆನೀರನ್ನು ಬಳಸುವುದಿಲ್ಲ, ಆರ್‌ಒ ನೀರು ಮಾತ್ರ. ಆರ್‌ಒ ಯಂತ್ರ ಹೊರಗೆ ಬಿಡುವ ನೀರು ಬಾಳೆಯ ಬುಡಕ್ಕೆ ಹೋಗುತ್ತದೆ.

ಕೊನೆಗೆ ಹಣದ ವ್ಯವಸ್ಥೆ. ಅಡಿಕೆ ಕೊಟ್ಟ ದಿನವೇ ಒಂದು ವರ್ಷದ ಉಪ್ಪು, ಕರೆಂಟು, ಫಿಲ್ಟರಿನ ಖರ್ಚನ್ನು ಬೇರೆ ಖಾತೆಗೆ ಹಾಕಿ. ಸಲಕರಣೆಗಳ ಬೆಲೆಯನ್ನು 60ರಿಂದ ಭಾಗಿಸಿ, ಅಷ್ಟನ್ನು ತಿಂಗಳು ತಿಂಗಳೂ ಆರ್‌ಡಿ ಕಟ್ಟಿ. 30,000 ರೂಪಾಯಿಯ ಸಲಕರಣೆಗೆ ತಿಂಗಳಿಗೆ 500. ಪಂಪು ಕೆಟ್ಟಾಗ ಸಾಲ ಕೇಳಬೇಕಿಲ್ಲ. ಅಕ್ಕನ ಮಗನಿಗೂ ಹೀಗೇ ಹೇಳಿದ್ದೇನೆ: ಮೂರು ತಿಂಗಳು ಈ ಮೊತ್ತವನ್ನು ಟ್ಯಾಂಕ್ ಇಲ್ಲದೆಯೇ ಎತ್ತಿಡು. ಮನೆಯ ಖರ್ಚಿಗೆ ಎಲ್ಲೂ ಕೊರತೆಯಾಗದಿದ್ದರೆ ನಾಲ್ಕನೇ ತಿಂಗಳು ಗಾಜು ಅಳೆಯೋಣ. ಟ್ಯಾಂಕ್ ಇಟ್ಟ ಮೇಲೆ ಈ ಹಣ ನಿಂತುಹೋದರೆ ಅದರೊಳಗಿನ ಜೀವಗಳು ಸಾಯುತ್ತವೆ. ಆದ್ದರಿಂದ ಈ ಪರೀಕ್ಷೆ ಮೊದಲೇ ಮುಗಿಯಬೇಕು.