ಅಪಘಾತವೂ ವಿಮೆಯ ಅರ್ಜಿಯೂ



ಕಳೆದ ಮಳೆಗಾಲದ ಒಂದು ಸಂಜೆ, ಶಾಲೆಯ ಕೊನೆಯ ಗಂಟೆ ಬಾರಿಸಿದ ಮೇಲೂ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಮನೆಗೆ ಹೋಗದೆ ನನ್ನ ಮೇಜಿನ ಬಳಿ ನಿಂತಿದ್ದನು. ಅವನ ಕೈಯಲ್ಲಿ ನಾಲ್ಕು ಪುಟಗಳ ಅರ್ಜಿಯೊಂದಿತ್ತು. "ಸರ್, ಈ ಕಾಲಮಿನಲ್ಲಿ ಏನು ಬರೆಯಬೇಕು?" ಎಂದು ಕೇಳಿದನು. ಅದು ಅವನ ತಂದೆಯವರ ಕಾರಿನ ವಿಮಾ ಪರಿಹಾರದ ಅರ್ಜಿ. ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ಆ ಕಾಲಮಿನ ಅರ್ಥ ಇಷ್ಟೇ: ಅಪಘಾತವಾದಾಗ ವಾಹನವನ್ನು ಯಾವ ಕೆಲಸಕ್ಕೆ ಬಳಸಲಾಗುತ್ತಿತ್ತು?

ಅವನ ತಂದೆ ಕುಂದಾಪುರದ ಕಡೆಯಿಂದ ಬಂದು ಚೆಂಬೂರಿನಲ್ಲಿ ಚಿಕ್ಕದೊಂದು ಹೋಟೆಲು ನಡೆಸುತ್ತಿರುವವರು. ಮನೆಯ ಬಳಕೆಗೆಂದು ಕೊಂಡಿದ್ದ ಕಾರಿನಲ್ಲಿಯೇ ಬೆಳಗಿನ ಜಾವ ದಾದರಿನ ಮಾರುಕಟ್ಟೆಯಿಂದ ತರಕಾರಿ ತರುವುದು ಅವರ ರೂಢಿ. ಅಂದು ಸಾಯನ್ ಬಳಿ, ಜಡಿಮಳೆಯಲ್ಲಿ ಸೈಕಲ್ ಸವಾರನೊಬ್ಬನನ್ನು ತಪ್ಪಿಸಲು ಹೋಗಿ ಕಾರು ಜಾರಿ ರಸ್ತೆಯ ನಡುವಣ ಕಟ್ಟೆಗೆ ಬಡಿದಿತ್ತು. ದೈವಕೃಪೆಯಿಂದ ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಪರಿಚಿತರೊಬ್ಬರು, "ತರಕಾರಿಯ ಮಾತು ಬರೆದರೆ ಒಂದು ಕಾಸೂ ಸಿಕ್ಕದು. ಮಾಟುಂಗದ ದೇವಸ್ಥಾನಕ್ಕೆ ಹೋಗಿದ್ದೆವೆಂದು ಬರೆಸಿಬಿಡಿ" ಎಂದು ಸಲಹೆ ಕೊಟ್ಟಿದ್ದರು. ಮನೆಯಲ್ಲಿ ಇಂಗ್ಲಿಷ್ ಬರೆಯಬಲ್ಲವನು ಆ ಹುಡುಗನೊಬ್ಬನೇ. ಆದುದರಿಂದ ಬರೆಯುವ ಭಾರವೂ ಅವನ ಮೇಲೆಯೇ ಬಿದ್ದಿತ್ತು.

ಆ ಕ್ಷಣಕ್ಕೆ ನನ್ನಲ್ಲಿಯೂ ಉತ್ತರವಿರಲಿಲ್ಲ. ನಾನೂ ಕನ್ನಡ ಮಾಧ್ಯಮದಲ್ಲಿಯೇ ಕಲಿತು ಊರು ಬಿಟ್ಟು ಬಂದವನು. ಪಾಲಿಸಿಯ ಪತ್ರವನ್ನು ತರಿಸಿಕೊಂಡು, ನಿಘಂಟನ್ನು ಮಗ್ಗುಲಲ್ಲಿಟ್ಟುಕೊಂಡು ಓದಿದೆನು. ಅಂದು ನಾನು ಕಲಿತದ್ದನ್ನು ನಿಮಗೂ ತಿಳಿಸುವುದು ಈ ಪಾಠದ ಉದ್ದೇಶ. ಏಕೆಂದರೆ ನಮ್ಮಲ್ಲಿ ಬಹುಮಂದಿಯ ಮನೆಗಳಲ್ಲಿ ಇಂಥ ಕಾಗದಗಳನ್ನು ಓದಿ ಹೇಳುವವರು ಮಕ್ಕಳೇ.

ವಿಮೆ ಎಂದರೇನು?

ನಮ್ಮ ಮಲೆನಾಡಿನ ಹಳ್ಳಿಗಳಲ್ಲಿ 'ಮುಯ್ಯಾಳು' ಎಂಬ ಪದ್ಧತಿಯುಂಟು. ಒಬ್ಬನ ಗದ್ದೆಯ ನಾಟಿಗೆ ಊರವರು ಬಂದು ದುಡಿಯುತ್ತಾರೆ. ಅವರ ಸರದಿ ಬಂದಾಗ ಇವನು ಹೋಗಿ ದುಡಿಯುತ್ತಾನೆ. ಒಬ್ಬನಿಂದಾಗದ ಕೆಲಸವನ್ನು ಹಲವರು ಹಂಚಿಕೊಳ್ಳುವರು. ವಿಮೆಯ ತತ್ತ್ವವೂ ಇದಕ್ಕೆ ಹತ್ತಿರವಾದುದೇ. ಸಾವಿರಾರು ವಾಹನಗಳ ಒಡೆಯರು ವರ್ಷಕ್ಕೊಮ್ಮೆ ಸ್ವಲ್ಪ ಹಣವನ್ನು ಕಂತಾಗಿ ಕೊಡುವರು. ಅವರಲ್ಲಿ ಕೆಲವರಿಗೆ ನಷ್ಟ ಬಂದೊದಗಿದಾಗ ಆ ಸಂಗ್ರಹದಿಂದ ಪರಿಹಾರ ದೊರೆಯುವುದು. ಮುಯ್ಯಾಳಿನಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಬಲ್ಲವರು. ವಿಮೆಯಲ್ಲಿ ಯಾರೂ ಯಾರನ್ನೂ ಅರಿಯರು. ಆದುದರಿಂದ ಇಲ್ಲಿ ಬಾಯಿಮಾತಿನ ಬದಲು ಬರಹದ ಕರಾರು ಬೇಕಾಗುತ್ತದೆ. ಆ ಕರಾರಿಗೇ ಪಾಲಿಸಿ ಎಂದು ಹೆಸರು.

ಈ ವಿಮೆಯಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ಮೊದಲನೆಯದು ಮೂರನೆಯವರ ವಿಮೆ, ಅಂದರೆ ಎಲ್ಲರೂ 'ಥರ್ಡ್ ಪಾರ್ಟಿ' ಎಂದು ಕರೆಯುವುದು. ನಮ್ಮ ವಾಹನದಿಂದ ದಾರಿಹೋಕನಿಗೋ ಇತರರ ಸೊತ್ತಿಗೋ ಹಾನಿಯಾದರೆ ಅವರಿಗೆ ಸಲ್ಲಬೇಕಾದ ಪರಿಹಾರವನ್ನು ಇದು ತುಂಬಿಕೊಡುತ್ತದೆ. 1988ರ ಮೋಟಾರು ವಾಹನಗಳ ಕಾಯಿದೆಯಂತೆ ಇದು ಕಡ್ಡಾಯ. ಇದಿಲ್ಲದೆ ವಾಹನವನ್ನು ರಸ್ತೆಗಿಳಿಸಿದರೆ ಮೊದಲ ಸಲಕ್ಕೆ ಎರಡು ಸಾವಿರ ರೂಪಾಯಿಗಳ ದಂಡವನ್ನೋ, ಮೂರು ತಿಂಗಳವರೆಗಿನ ಸೆರೆವಾಸವನ್ನೋ, ಅಥವಾ ಎರಡನ್ನೂ ವಿಧಿಸಬಹುದು. ಎರಡನೆಯದು ಸ್ವಂತ ಹಾನಿಯ ವಿಮೆ. ನಮ್ಮ ವಾಹನಕ್ಕೇ ಆದ ನಷ್ಟವನ್ನು ತುಂಬಿಕೊಡುವುದು ಇದು ಮಾತ್ರ. ಇದು ಒಡೆಯನ ಇಚ್ಛೆಗೆ ಬಿಟ್ಟದ್ದು. ಮೂರನೆಯವರ ವಿಮೆಯೊಂದನ್ನೇ ಕೊಂಡು, ತನ್ನ ಕಾರಿನ ದುರಸ್ತಿಯ ಹಣಕ್ಕಾಗಿ ಕಚೇರಿಗೆ ಹೋಗಿ ಬರಿಗೈಯಲ್ಲಿ ಹಿಂದಿರುಗಿದವರು ಎಷ್ಟೋ ಮಂದಿ. ಎರಡೂ ಸೇರಿರುವ ಪಾಲಿಸಿಗೆ 'ಪ್ಯಾಕೇಜ್' ಅಥವಾ 'ಕಾಂಪ್ರಿಹೆನ್ಸಿವ್' ಎಂಬ ಹೆಸರಿರುತ್ತದೆ. ಆ ಹುಡುಗನ ತಂದೆಯವರದು ಅಂಥ ಪಾಲಿಸಿಯಾಗಿತ್ತು.

ಅಪಘಾತವಾದೊಡನೆ ಮಾಡಬೇಕಾದುದು

ಮೊದಲನೆಯ ಕರ್ತವ್ಯ ಮನುಷ್ಯನಿಗೆ ಸಂಬಂಧಿಸಿದ್ದು, ವಾಹನಕ್ಕಲ್ಲ. ಗಾಯಗೊಂಡವರನ್ನು ಹತ್ತಿರದ ವೈದ್ಯರಲ್ಲಿಗೆ ಇಲ್ಲವೆ ಆಸ್ಪತ್ರೆಗೆ ತಲುಪಿಸುವುದು ಚಾಲಕನ ಧರ್ಮ ಮಾತ್ರವಲ್ಲ, ಕಾಯಿದೆಯ ಆಜ್ಞೆಯೂ ಹೌದು. ಮುಂಬಯಿಯಲ್ಲಿ ಆಂಬುಲೆನ್ಸಿಗೆ 108, ಪೊಲೀಸರ ನೆರವಿಗೆ 112 ಎಂಬ ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಳ್ಳಿರಿ. ಯಾರಿಗಾದರೂ ಪೆಟ್ಟಾಗಿದ್ದರೆ ಪೊಲೀಸ್ ಠಾಣೆಗೆ ಆದಷ್ಟು ಬೇಗನೆ, ತಡವಾದರೂ 24 ಗಂಟೆಗಳೊಳಗಾಗಿ, ವಿಷಯವನ್ನು ತಿಳಿಸತಕ್ಕದ್ದು.

ಎರಡನೆಯದು, ಸಾಕ್ಷ್ಯವನ್ನು ಕಾಪಾಡುವುದು. ವಾಹನ ನಿಂತ ಸ್ಥಳ, ಹಾನಿಯಾದ ಭಾಗ, ರಸ್ತೆಯ ಸ್ಥಿತಿ, ಎದುರಿನ ವಾಹನವಿದ್ದರೆ ಅದರ ಸಂಖ್ಯೆ, ಇವೆಲ್ಲವುಗಳ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಬೇಕು. ನೋಡಿದವರು ಯಾರಾದರೂ ಇದ್ದರೆ ಅವರ ಹೆಸರು, ವಿಳಾಸಗಳನ್ನು ಬರೆದುಕೊಳ್ಳಬೇಕು.

ಮೂರನೆಯದನ್ನು ಬಹಳ ಜನ ತಿಳಿಯರು. ರಸ್ತೆಯಲ್ಲಿ ಜನ ಗುಂಪು ಸೇರಿದಾಗ ಹೆದರಿ, "ತಪ್ಪು ನನ್ನದೇ, ಇಷ್ಟು ಹಣ ಕೊಡುತ್ತೇನೆ" ಎಂದು ಒಪ್ಪಿಕೊಂಡು ಚೀಟಿ ಬರೆದುಕೊಡಬಾರದು. ಕಂಪನಿಯ ಲಿಖಿತ ಸಮ್ಮತಿಯಿಲ್ಲದೆ ಹೊಣೆಯನ್ನು ಒಪ್ಪುವುದಾಗಲಿ, ಹಣದ ಮಾತು ಕೊಡುವುದಾಗಲಿ ಪಾಲಿಸಿಯ ಕರಾರಿಗೆ ವಿರುದ್ಧ. ಗಾಯಗೊಂಡವನಿಗೆ ನೆರವಾಗುವುದು ಬೇರೆ, ಬೀದಿಯಲ್ಲಿ ನಿಂತು ತೀರ್ಪು ಬರೆಯುವುದು ಬೇರೆ. ಗಾಯಾಳುವಿನ ಪರಿಹಾರವನ್ನು ನಿರ್ಣಯಿಸಲು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯೇ ಇದೆ.

ನಾಲ್ಕನೆಯದು, ವಿಮಾ ಕಂಪನಿಗೆ ಕೂಡಲೇ ಸುದ್ದಿ ಕೊಡುವುದು. ಸುದ್ದಿ ಕೊಟ್ಟಾಗ ಅವರು ಹೇಳುವ ಕ್ಲೇಮು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಕಂಪನಿಯು ಸರ್ವೇಯರನೊಬ್ಬನನ್ನು ಕಳುಹಿಸುತ್ತದೆ. ಹಾನಿಯೆಷ್ಟು, ಅದಕ್ಕೆ ಕಾರಣವೇನು ಎಂಬುದನ್ನು ಪರಿಶೀಲಿಸಿ ವರದಿ ಬರೆಯುವವನು ಅವನು. ಅವನು ನೋಡುವ ಮೊದಲೇ ದುರಸ್ತಿ ಮಾಡಿಸಿಬಿಟ್ಟರೆ ಹಾನಿಯ ಗುರುತೇ ಅಳಿದುಹೋಗಿ ಪರಿಹಾರಕ್ಕೆ ಸಂಚಕಾರ ಬರುವುದು. ಅರ್ಜಿಯೊಂದಿಗೆ ಪಾಲಿಸಿ, ವಾಹನದ ನೋಂದಣಿ ಪತ್ರ, ಚಾಲಕನ ಲೈಸೆನ್ಸು, ಗ್ಯಾರೇಜಿನ ಅಂದಾಜು ಪಟ್ಟಿ ಇವು ಬೇಕು. ಕಂಪನಿಯೊಡನೆ ಒಪ್ಪಂದವಿರುವ ಗ್ಯಾರೇಜಾದರೆ ಕಂಪನಿಯೇ ತನ್ನ ಪಾಲನ್ನು ನೇರವಾಗಿ ಅಲ್ಲಿಗೆ ಸಲ್ಲಿಸುವುದು. ಬೇರೆ ಗ್ಯಾರೇಜಾದರೆ ನಾವು ಮೊದಲು ಕೊಟ್ಟು, ರಸೀದಿ ತೋರಿಸಿ, ಅನಂತರ ಪಡೆಯಬೇಕು.

ಒಂದು ಲೆಕ್ಕ

ಗ್ಯಾರೇಜಿನ ಬಿಲ್ಲಿನಷ್ಟೇ ಹಣ ಕಂಪನಿಯಿಂದ ಬರುವುದೆಂದು ಭಾವಿಸುವವರು ಹಲವರು. ಹಾಗಲ್ಲ. ಹಳೆಯ ಭಾಗವನ್ನು ತೆಗೆದು ಹೊಸ ಭಾಗವನ್ನು ಹಾಕಿದಾಗ ಒಡೆಯನಿಗೆ ಲಾಭವಾಗುತ್ತದೆ. ವಿಮೆಯು ನಷ್ಟವನ್ನು ತುಂಬುವುದೇ ಹೊರತು ಲಾಭವನ್ನು ಕೊಡುವುದಿಲ್ಲ. ಆದುದರಿಂದ ಸವಕಳಿಯನ್ನು ಕಳೆಯುವರು. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರು, ಪ್ಲಾಸ್ಟಿಕ್ಕು, ಬ್ಯಾಟರಿ ಮೊದಲಾದುವಕ್ಕೆ ಶೇಕಡಾ 50ರಷ್ಟು ಸವಕಳಿ. ಗಾಜಿಗೆ ಸವಕಳಿಯಿಲ್ಲ. ಲೋಹದ ಭಾಗಗಳಿಗೆ ವಾಹನದ ವಯಸ್ಸಿನಂತೆ ಸವಕಳಿಯು ಏರುತ್ತದೆ: ಮೊದಲ ಆರು ತಿಂಗಳು ಏನೂ ಇಲ್ಲ, ಎರಡರಿಂದ ಮೂರು ವರ್ಷದ ವಾಹನಕ್ಕೆ ಶೇಕಡಾ 15, ಮೂರರಿಂದ ನಾಲ್ಕು ವರ್ಷಕ್ಕೆ 25, ಹತ್ತು ವರ್ಷ ದಾಟಿದರೆ 50. ಹೆಚ್ಚಿನ ಕಂತು ಕೊಟ್ಟು ಸವಕಳಿಯಿಲ್ಲದ ಪಾಲಿಸಿಯನ್ನು ಕೊಳ್ಳುವ ಸೌಕರ್ಯವೂ ಇದೆ.

ಮೂರೂವರೆ ವರ್ಷದ ಕಾರೊಂದರ ಬಿಲ್ಲನ್ನು ತೆಗೆದುಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ತೆರಿಗೆಯನ್ನು ಬಿಟ್ಟಿದ್ದೇನೆ. ಲೋಹದ ಭಾಗಗಳು 16,000 ರೂಪಾಯಿ. ಶೇಕಡಾ 25 ಕಳೆದರೆ 12,000. ಬಂಪರು ಮೊದಲಾದ ಪ್ಲಾಸ್ಟಿಕ್ ಭಾಗಗಳು 10,000. ಅರ್ಧ ಕಳೆದರೆ 5,000. ಮುಂದಿನ ಗಾಜು 6,000, ಪೂರ್ತಿ 6,000. ಕೂಲಿ 7,000, ಪೂರ್ತಿ 7,000. ಬಿಲ್ಲಿನ ಮೊತ್ತ 39,000. ಸವಕಳಿ ಕಳೆದ ಮೊತ್ತ 30,000. ಇದಲ್ಲದೆ ಪ್ರತಿ ಕ್ಲೇಮಿನಲ್ಲಿಯೂ ಒಡೆಯನು ತಾನೇ ಹೊರಬೇಕಾದ ಒಂದು ಪಾಲಿರುತ್ತದೆ. 1500 ಸಿ.ಸಿ.ವರೆಗಿನ ಖಾಸಗಿ ಕಾರಿಗೆ ಅದು 1,000 ರೂಪಾಯಿ. ಅದನ್ನೂ ಕಳೆದರೆ ಉಳಿಯುವುದು 29,000.

ಇನ್ನೊಂದು ವಿಷಯವನ್ನು ಮರೆಯಬಾರದು. ಒಂದು ವರ್ಷ ಕ್ಲೇಮು ಮಾಡದಿದ್ದರೆ ಮುಂದಿನ ಸಲ ಸ್ವಂತ ಹಾನಿಯ ಕಂತಿನಲ್ಲಿ ಶೇಕಡಾ 20ರಷ್ಟು ರಿಯಾಯಿತಿಯುಂಟು. ಸತತವಾಗಿ ಐದು ವರ್ಷ ಮಾಡದಿದ್ದರೆ ಅದು 50ರವರೆಗೆ ಏರುವುದು. ಕ್ಲೇಮು ಮಾಡಿದೊಡನೆ ಸಾಮಾನ್ಯವಾಗಿ ಈ ರಿಯಾಯಿತಿ ಹೋಗುತ್ತದೆ. ಆದುದರಿಂದ ಸಣ್ಣ ಗೀರಿಗಾಗಿ ಅರ್ಜಿ ಹಾಕುವ ಮುನ್ನ ಲಾಭನಷ್ಟಗಳನ್ನು ಕೂಡಿ ಕಳೆದು ನೋಡುವುದು ಜಾಣತನ.

ಆ ಒಂದು ಕಾಲಮು

ಈಗ ಹುಡುಗನ ಪ್ರಶ್ನೆಗೆ ಬರೋಣ. ಖಾಸಗಿ ಕಾರಿನ ಪಾಲಿಸಿಯಲ್ಲಿ, ವಾಹನವನ್ನು ಬಾಡಿಗೆಗೆ ಓಡಿಸಬಾರದು, ಸ್ವಂತ ಸಾಮಾನಿನ ಹೊರತು ಸರಕನ್ನು ಸಾಗಿಸಬಾರದು ಎಂಬ ನಿಬಂಧನೆಯಿದೆ. ಹೋಟೆಲಿನ ತರಕಾರಿ ಸರಕೇ ಸರಿ. ಪರಿಚಿತರ ಭಯ ಪೂರ್ತಿ ಸುಳ್ಳಾಗಿರಲಿಲ್ಲ. ಆದರೆ ಅವರು ಸೂಚಿಸಿದ ಮದ್ದು ರೋಗಕ್ಕಿಂತ ಕೆಟ್ಟದ್ದು. ವಿಮೆಯ ಕರಾರು ಪರಸ್ಪರ ನಂಬಿಕೆಯ ಮೇಲೆ ನಿಂತಿರುವುದು. ಬೇಕೆಂದೇ ಸುಳ್ಳು ಬರೆದು ಹಣ ಪಡೆಯಲೆಳಸುವುದು ಮೋಸವೆನಿಸಿಕೊಂಡು, ನ್ಯಾಯವಾಗಿ ದೊರೆಯಬಹುದಾಗಿದ್ದ ಹಣವೂ ಕೈತಪ್ಪುವುದು. ಅಲ್ಲದೆ ಹೋಟೆಲಿನ ಹುಡುಗನು ಸ್ಥಳದಲ್ಲಿ ತೆಗೆದಿದ್ದ ಛಾಯಾಚಿತ್ರದಲ್ಲಿ, ಹಿಂದಿನ ಆಸನದ ಮೇಲೆ ಕೊತ್ತಂಬರಿ ಸೊಪ್ಪಿನ ಕಟ್ಟುಗಳೂ ಟೊಮೇಟೊ ಬುಟ್ಟಿಯೂ ಸ್ಪಷ್ಟವಾಗಿ ಕಾಣುತ್ತಿದ್ದುವು!

ಸತ್ಯ ಹೇಳಿದವನಿಗೆ ದಾರಿ ಮುಚ್ಚಿಹೋಗಿಲ್ಲವೆಂಬುದನ್ನು ನಾನು ತಿಳಿದದ್ದು ಪರಿಚಯದ ವಕೀಲರೊಬ್ಬರಿಂದ. ಖಾಸಗಿ ಬಳಕೆಯ ವಿಮೆಯಿದ್ದ ವಾಹನವೊಂದನ್ನು ಟ್ಯಾಕ್ಸಿಯಾಗಿ ಓಡಿಸುತ್ತಿದ್ದಾಗ ಅದು ಕಳವಾದ ಮೊಕದ್ದಮೆಯಲ್ಲಿ, ಕಂಪನಿಯು ಪರಿಹಾರವನ್ನು ಪೂರ್ತಿಯಾಗಿ ನಿರಾಕರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಹೇಳಿ, ಶೇಕಡಾ 75ರಷ್ಟನ್ನು ಕೊಡಬೇಕೆಂಬ ಆದೇಶವನ್ನು ಎತ್ತಿಹಿಡಿದಿತು. 2010ರಲ್ಲಿ ಅಪಘಾತಕ್ಕೀಡಾದ ಕಾರೊಂದರ ಮೊಕದ್ದಮೆಯಲ್ಲಿಯೂ ಇದೇ ತತ್ತ್ವವನ್ನು ಅನುಸರಿಸಿತು. ಪ್ರತಿಯೊಂದು ತಪ್ಪಿಗೂ ಈ ದಯೆ ದೊರೆಯುವುದೆಂದು ಇದರ ಅರ್ಥವಲ್ಲ. ಕರಾರನ್ನು ಮುರಿದುದು ಎಷ್ಟು ದೊಡ್ಡದು ಎಂಬುದನ್ನು ತೂಗಿ ನೋಡಬೇಕೆಂಬುದೇ ಅದರ ಸಾರ.

ಮಾರನೆಯ ದಿನ ತಂದೆಯವರೇ ಶಾಲೆಗೆ ಬಂದರು. ನಾನು ಓದಿ ತಿಳಿದುದನ್ನೆಲ್ಲ ವಿವರಿಸಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸುಳ್ಳು ಬರೆಯುವುದೇ ಆದರೆ ನಾನೇ ಬರೆಯಬೇಕಿತ್ತು ಮಾಷ್ಟ್ರೇ, ಅವನ ಕೈಯಲ್ಲಿ ಬರೆಸಲಿಕ್ಕೆ ಹೋದದ್ದು ತಪ್ಪಾಯಿತು" ಎಂದರು. ಹುಡುಗನು ಆ ಕಾಲಮಿನಲ್ಲಿ, ಹೋಟೆಲಿಗೆ ತರಕಾರಿ ತರುತ್ತಿದ್ದಾಗ ಎಂದು ಇಂಗ್ಲಿಷಿನಲ್ಲಿ ಬರೆದನು. ನಾನು ಅವನ ಕಾಗುಣಿತವನ್ನಷ್ಟೇ ತಿದ್ದಿದೆನು.

ನಿರಾಕರಿಸಿದರೆ ಏನು ಗತಿ?

ಕಂಪನಿಯಿಂದ ಮೊದಲು ಬಂದ ಉತ್ತರ ನಿರಾಕರಣೆಯೇ. ಅಷ್ಟಕ್ಕೇ ಕೈಚೆಲ್ಲಿ ಕುಳಿತುಕೊಳ್ಳಬಾರದು. ಮೊದಲು ಅದೇ ಕಂಪನಿಯ ದೂರು ಅಧಿಕಾರಿಗೆ ಬರಹದಲ್ಲಿ ದೂರು ಕೊಡಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಲೋಕಪಾಲರಿಗೆ ಅರ್ಜಿ ಸಲ್ಲಿಸಬಹುದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿ, ಬೆಂಗಳೂರುಗಳಲ್ಲೆಲ್ಲ ಅವರ ಕಚೇರಿಗಳಿವೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಗ್ರಾಹಕ ಆಯೋಗದ ಬಾಗಿಲೂ ತೆರೆದೇ ಇದೆ.

ನಮ್ಮ ಹುಡುಗನ ಮನೆಯವರು ಲೋಕಪಾಲರವರೆಗೆ ಹೋಗಬೇಕಾಗಲಿಲ್ಲ. ಆ ತೀರ್ಪುಗಳನ್ನು ಉಲ್ಲೇಖಿಸಿ ಬರೆದ ದೂರಿಗೆ ಉತ್ತರವಾಗಿ, ಏಳು ವಾರಗಳ ತರುವಾಯ ಸಲ್ಲತಕ್ಕ ಮೊತ್ತದ ಮುಕ್ಕಾಲು ಪಾಲು ದೊರೆಯಿತು. ನಮ್ಮ ಲೆಕ್ಕದ 29,000ಕ್ಕೆ ಹೋಲಿಸಿದರೆ ಅದು 21,750. ಉಳಿದ ಕಾಲು ಪಾಲು ಕರಾರನ್ನು ಓದದೆ ಇದ್ದುದಕ್ಕೆ ಅವರು ತೆತ್ತ ಬೆಲೆ. ಸುಳ್ಳು ಬರೆದಿದ್ದರೆ ಮುಕ್ಕಾಲನ್ನೂ ಕಳೆದುಕೊಳ್ಳುತ್ತಿದ್ದರು. ಈಗ ಅವರ ಹೋಟೆಲಿಗೆ ತರಕಾರಿ ಬರುವುದು ಬಾಡಿಗೆಯ ಟೆಂಪೊದಲ್ಲಿ.

ಮಕ್ಕಳೇ, ಪಾಲಿಸಿಯನ್ನು ಓದಬೇಕಾದುದು ಅಪಘಾತವಾದ ಮೇಲಲ್ಲ. ಅದನ್ನು ಕೊಂಡ ದಿನವೇ. ಪರಭಾಷೆಯ ನಗರದಲ್ಲಿ ಬಾಳುವ ನಮಗೆ ಕಾಗದಪತ್ರಗಳ ಭಯ ಸಹಜ. ಆದರೆ ಒಂದೊಂದೇ ಪದದ ಅರ್ಥವನ್ನು ಹುಡುಕುತ್ತ ಓದಿದರೆ ಯಾವ ಕಾಗದವೂ ಅಜೇಯವಲ್ಲ.

ಅಭ್ಯಾಸ: ನಿಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಕಾರು, ರಿಕ್ಷಾ ಅಥವಾ ಸ್ಕೂಟರು ಇದ್ದರೆ ಅದರ ಪಾಲಿಸಿಯನ್ನು ಹಿರಿಯರ ಅನುಮತಿ ಪಡೆದು ಓದಿರಿ. ಈ ಐದು ಪ್ರಶ್ನೆಗಳ ಉತ್ತರವನ್ನು ಕನ್ನಡದಲ್ಲಿ ಬರೆದು ಅವರ ಕೈಗೆ ಕೊಡಿರಿ.

1. ಪಾಲಿಸಿ ಮುಗಿಯುವ ದಿನಾಂಕ ಯಾವುದು?
2. ಅದು ಮೂರನೆಯವರ ವಿಮೆ ಮಾತ್ರವೋ, ಸ್ವಂತ ಹಾನಿಯನ್ನೂ ಒಳಗೊಂಡಿದೆಯೋ?
3. ವಾಹನವನ್ನು ಯಾವ ಕೆಲಸಗಳಿಗೆ ಬಳಸಬಾರದೆಂದು ಅದರಲ್ಲಿ ಹೇಳಿದೆ?
4. ಪ್ರತಿ ಕ್ಲೇಮಿನಲ್ಲಿ ಒಡೆಯನು ಹೊರಬೇಕಾದ ಪಾಲೆಷ್ಟು?
5. ಅಪಘಾತವಾದರೆ ಸುದ್ದಿ ಕೊಡಬೇಕಾದ ದೂರವಾಣಿ ಸಂಖ್ಯೆ ಯಾವುದು?