ಸಕಾಲದ ನೆರವು: ಪ್ರವೇಶದ ಗಡುವು ಮತ್ತು ವಿದ್ಯಾರ್ಥಿವೇತನ

ದಾನವನ್ನು ಕುರಿತು ವಿಚಾರಮಾಡಿದ ನಮ್ಮ ಹಿರಿಯರು ದೇಶ, ಕಾಲ, ಪಾತ್ರ ಎಂಬ ಮೂರನ್ನು ಒಟ್ಟಿಗೆ ಹೇಳಿದರು. ಎಲ್ಲಿ ಕೊಡಬೇಕು, ಯಾರಿಗೆ ಕೊಡಬೇಕು ಎಂಬ ಎರಡರಲ್ಲಿ ನಾವು ಸಾಕಷ್ಟು ಎಚ್ಚರವಹಿಸುತ್ತೇವೆ. ಯಾವಾಗ ಕೊಡಬೇಕು ಎಂಬುದು ಮಾತ್ರ ಅನೇಕ ವೇಳೆ ಮರೆತುಹೋಗುತ್ತದೆ. ಬಿತ್ತನೆಯ ಹದ ಮೀರಿದ ಮೇಲೆ ದೊರೆತ ಬೀಜದಿಂದ ರೈತನಿಗೆ ಆ ವರ್ಷ ಪ್ರಯೋಜನವಿಲ್ಲ. ಪ್ರವೇಶದ ಗಡುವು ಕಳೆದ ಮೇಲೆ ಕೈಸೇರಿದ ವಿದ್ಯಾರ್ಥಿವೇತನದ ಗತಿಯೂ ಅದೇ ಆಗಿದೆ. ಅನ್ನ, ಅಕ್ಷರ, ಆಶ್ರಯಗಳನ್ನು ತ್ರಿವಿಧ ದಾಸೋಹವೆಂದು ನಡೆಸಿಕೊಂಡು ಬಂದಿರುವ ಮಠಪರಂಪರೆಗೆ ಸೇರಿದ ನಮ್ಮ ಶಾಲೆಯ ಸಂಚಿಕೆಯಲ್ಲಿ ಈ ವಿಷಯವನ್ನು ವಿಚಾರಿಸುವುದು ಅನುಚಿತವಾಗಲಾರದೆಂದು ಭಾವಿಸಿದ್ದೇನೆ.

ಅಶೋಕಪುರಂನಿಂದ ಕಾಲೇಜಿಗೆ

ಮೈಸೂರಿನ ದಕ್ಷಿಣ ಭಾಗದಲ್ಲಿರುವ ಅಶೋಕಪುರಂ ಶ್ರಮಜೀವಿಗಳ ಬಡಾವಣೆ. 1924ರಲ್ಲಿ ಆರಂಭವಾದ ರೈಲ್ವೆ ಕಾರ್ಯಾಗಾರವೂ ಚಾಮರಾಜನಗರದ ಮಾರ್ಗದಲ್ಲಿರುವ ರೈಲು ನಿಲ್ದಾಣವೂ ಇಲ್ಲಿಯ ಗುರುತುಗಳು. ಡಾ. ಅಂಬೇಡ್ಕರ್ ಅವರ ಹೆಸರು ಇಲ್ಲಿಯ ಮನೆಮನೆಯಲ್ಲಿಯೂ ಗೌರವದಿಂದ ಉಚ್ಚರಿತವಾಗುತ್ತದೆ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವಾಗಲಿ, ನಗರದ ಹಳೆಯ ಕಾಲೇಜುಗಳಾಗಲಿ ಇಲ್ಲಿಂದ ದೂರವಲ್ಲ. ಆದರೂ ಹತ್ತನೆಯ ತರಗತಿಯಲ್ಲಿ ಉತ್ತಮ ಅಂಕಗಳನ್ನು ಪಡೆದ ಕೂಲಿಕಾರರ ಮಕ್ಕಳಿಗೆ ಆ ಹಾದಿ ಪ್ರತಿವರ್ಷವೂ ಕಠಿನವಾಗಿ ತೋರುತ್ತದೆ. ಶುಲ್ಕ ಕಟ್ಟಲು ಕಾಲೇಜು ಕೊಡುವ ಅವಧಿ ಕೆಲವೇ ದಿನಗಳದು. ವಿದ್ಯಾರ್ಥಿವೇತನ ಬರುವುದು ತಿಂಗಳುಗಳ ಅನಂತರ, ಕೆಲವೊಮ್ಮೆ ವರ್ಷ ಮುಗಿದ ಮೇಲೆ.

ವ್ಯಾಕರಣದ ಭಾಷೆಯಲ್ಲಿ ಹೇಳುವುದಾದರೆ, ಕಾಲೇಜಿನ ಪ್ರಕಟಣೆ ‘ಶುಲ್ಕ ಕಟ್ಟತಕ್ಕದ್ದು’ ಎಂದು ವಿಧಿರೂಪದಲ್ಲಿರುತ್ತದೆ. ಇಲಾಖೆಯ ಉತ್ತರ ‘ಜಮೆ ಮಾಡಲಾಗುವುದು’ ಎಂದು ಭವಿಷ್ಯತ್ಕಾಲದಲ್ಲಿರುತ್ತದೆ. ಇವೆರಡರ ನಡುವೆ ಸಿಲುಕಿದ ತಂದೆತಾಯಿಗಳು ಬಡ್ಡಿಯ ಸಾಲಕ್ಕೆ ಕೈಯೊಡ್ಡುತ್ತಾರೆ, ಇಲ್ಲವೆ ಮಗನನ್ನೋ ಮಗಳನ್ನೋ ದುಡಿಮೆಗೆ ಕಳುಹಿಸುತ್ತಾರೆ.

ಯೋಜನೆಯ ಸ್ವರೂಪ

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಾಗಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯೋಜನೆ ಆರಂಭವಾದುದು 1944ರಲ್ಲಿ, ಅಂಬೇಡ್ಕರ್ ಅವರು ವೈಸರಾಯರ ಕಾರ್ಯಕಾರಿ ಮಂಡಲಿಯ ಸದಸ್ಯರಾಗಿದ್ದ ಕಾಲದಲ್ಲಿ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಚಿವಸಂಪುಟವು ಇದನ್ನು ಪರಿಷ್ಕರಿಸಿ, ಐದು ವರ್ಷಗಳಿಗೆ ಒಟ್ಟು 59,048 ಕೋಟಿ ರೂಪಾಯಿಗಳ ವೆಚ್ಚವನ್ನು ಅಂಗೀಕರಿಸಿತು. ಅದರಲ್ಲಿ ಕೇಂದ್ರದ ಪಾಲು ಶೇಕಡ 60, ರಾಜ್ಯದ ಪಾಲು ಶೇಕಡ 40. ರಾಜ್ಯವು ತನ್ನ ಪಾಲನ್ನು ಜಮೆ ಮಾಡಿದ ಮೇಲೆ ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಬರಬೇಕು. 2021ರ ಮಾರ್ಗಸೂಚಿಯಲ್ಲಿ ತಂದೆತಾಯಿಗಳ ವಾರ್ಷಿಕ ವರಮಾನದ ಮಿತಿ 2.5 ಲಕ್ಷ ರೂಪಾಯಿ. ಶುಲ್ಕವಲ್ಲದೆ, ವ್ಯಾಸಂಗಕ್ಕೆ ತಕ್ಕಂತೆ ವರ್ಷಕ್ಕೆ 2,500ರಿಂದ 13,500 ರೂಪಾಯಿಗಳವರೆಗೆ ಭತ್ಯೆ. ಮುಂಗಡ ಬೋಧನಾ ಶುಲ್ಕವಿಲ್ಲದೆ ಪ್ರವೇಶ ದೊರೆಯಲೆಂದು ‘ಫ್ರೀಶಿಪ್ ಕಾರ್ಡ್’ ಎಂಬ ಪತ್ರವನ್ನೂ ಅದೇ ಮಾರ್ಗಸೂಚಿ ಕಲ್ಪಿಸಿತು.

ಉದ್ದೇಶ ಶ್ಲಾಘ್ಯವಾದುದು. ಆದರೆ ಹಣವು ಖಾತೆಗೆ ಸೇರುವ ಮುನ್ನ ಜಾತಿ ಮತ್ತು ವರಮಾನದ ಪ್ರಮಾಣಪತ್ರ, ಆಧಾರ್, ಆಧಾರ್‌ಗೆ ಜೋಡಣೆಯಾದ ಬ್ಯಾಂಕ್ ಖಾತೆ, ಕಾಲೇಜಿನ ದೃಢೀಕರಣ, ಇಲಾಖೆಯ ಮಂಜೂರಾತಿ ಇವೆಲ್ಲವೂ ಒಂದಕ್ಕೊಂದು ತಾಳೆಯಾಗಬೇಕು. ಒಂದು ಕೊಂಡಿ ತಪ್ಪಿದರೆ ಇಡೀ ಸರಪಳಿ ನಿಲ್ಲುತ್ತದೆ. ಬೋಧನಾ ಶುಲ್ಕದ ತೊಡಕು ನೀಗಿದರೂ ಪುಸ್ತಕ, ಬಸ್ಸು, ಸಮವಸ್ತ್ರ ಮೊದಲಾದ ವೆಚ್ಚಗಳು ಮೊದಲ ವಾರದಲ್ಲಿಯೇ ಎದುರಾಗುತ್ತವೆ.

ಎರಡು ನಿದರ್ಶನಗಳು

ಅಂಬೇಡ್ಕರ್ ಅವರ ಜೀವನದಲ್ಲಿಯೇ ಇದಕ್ಕೆ ನಿದರ್ಶನವಿದೆ. ಬರೋಡೆಯ ಸಯ್ಯಾಜಿರಾವ್ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೂ, 1916ರಲ್ಲಿ ಲಂಡನ್ನಿಗೂ ಹೋದರು. 1917ರಲ್ಲಿ ವೇತನದ ಅವಧಿ ಮುಗಿದುದರಿಂದ ವ್ಯಾಸಂಗವನ್ನು ಅರ್ಧಕ್ಕೆ ನಿಲ್ಲಿಸಿ ಹಿಂದಿರುಗಬೇಕಾಯಿತು. ಆದರೆ ನಾಲ್ಕು ವರ್ಷಗಳೊಳಗಾಗಿ ಮರಳಿ ಬಂದು ಮುಂದುವರಿಸಬಹುದೆಂದು ಲಂಡನ್ ವಿಶ್ವವಿದ್ಯಾನಿಲಯ ಅನುಮತಿ ನೀಡಿತು. ಪ್ರಾಧ್ಯಾಪಕ ವೃತ್ತಿಯ ಉಳಿತಾಯ, ಕೊಲ್ಲಾಪುರದ ಶಾಹು ಮಹಾರಾಜರ ನೆರವು, ಮಿತ್ರರೊಬ್ಬರಿಂದ ಪಡೆದ ಸಾಲ ಇವುಗಳ ಬಲದಿಂದ ಅವರು 1920ರಲ್ಲಿ ಮರಳಿದರು, 1923ರಲ್ಲಿ ಡಿ.ಎಸ್‌ಸಿ. ಪದವಿ ಪಡೆದರು. ವಿದ್ಯಾಸಂಸ್ಥೆ ಗಡುವನ್ನು ಸಡಿಲಿಸಿತು, ಹಿತೈಷಿಗಳು ಹಣವನ್ನು ಹೊಂದಿಸಿದರು. ಇವೆರಡೂ ಕೂಡಿದ್ದರಿಂದ ಒಂದು ಮಹಾಪ್ರತಿಭೆಯ ವ್ಯಾಸಂಗ ಪೂರ್ಣವಾಯಿತು.

ಇತ್ತೀಚಿನ ನಿದರ್ಶನ 2024ರದು. ಉತ್ತರಪ್ರದೇಶದ ದಿನಗೂಲಿ ಕಾರ್ಮಿಕರೊಬ್ಬರ ಮಗನಾದ ದಲಿತ ವಿದ್ಯಾರ್ಥಿಗೆ ಧನಬಾದಿನ ಐ.ಐ.ಟಿ.ಯಲ್ಲಿ ಸ್ಥಾನ ದೊರೆತಿತ್ತು. ಕಟ್ಟಬೇಕಾದುದು 17,500 ರೂಪಾಯಿ. ಗಡುವು ಜೂನ್ 24ರ ಸಂಜೆ ಐದು ಗಂಟೆ. ಹಣ ಹೊಂದಿಸುವಷ್ಟರಲ್ಲಿ ಆ ವೇಳೆ ಮೀರಿ, ಸ್ಥಾನ ಕೈತಪ್ಪಿತು. ಕೊನೆಗೆ ಸೆಪ್ಟೆಂಬರ್ 30ರಂದು ಸರ್ವೋಚ್ಚ ನ್ಯಾಯಾಲಯವು ಸಂವಿಧಾನದ 142ನೆಯ ಅನುಚ್ಛೇದದ ಅಧಿಕಾರವನ್ನು ಬಳಸಿ ಅವನಿಗೆ ಪ್ರವೇಶ ಕೊಡಿಸಿತು. ನ್ಯಾಯ ದೊರೆಯಿತು, ನಿಜ. ಆದರೆ ಎಷ್ಟು ಮಂದಿ ಬಡ ಮಕ್ಕಳು ದೆಹಲಿಯವರೆಗೆ ಹೋಗಬಲ್ಲರು?

ಅಧ್ಯಾಪಕರ ಪಾಲು

ಇಲಾಖೆಯ ವಿಳಂಬವನ್ನು ನಾವು ತಪ್ಪಿಸಲಾರೆವು; ನಮ್ಮ ಕಡೆಯ ಲೋಪಗಳನ್ನು ತಪ್ಪಿಸಬಲ್ಲೆವು. ಅವುಗಳಲ್ಲಿ ಮುಖ್ಯವಾದುದು ಹೆಸರು. ಕನ್ನಡದಲ್ಲಿ ಒಂದೇ ಬಗೆಯಾಗಿ ಬರೆಯುವ ‘ಶಿವಸ್ವಾಮಿ’ಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕಾರು ಬಗೆಯಾಗಿ ಬರೆಯಬಹುದು. ಒಂದು ಕಡೆ ‘ಹೆಚ್’ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ತಂದೆಯ ಹೆಸರಿನ ಮೊದಲಕ್ಷರ ಒಂದರಲ್ಲಿ ಮುಂದೆ, ಮತ್ತೊಂದರಲ್ಲಿ ಹಿಂದೆ. ಮನುಷ್ಯನ ಕಣ್ಣಿಗೆ ಒಬ್ಬನೇ ಆಗಿ ಕಾಣುವ ಹುಡುಗ ಗಣಕಯಂತ್ರಕ್ಕೆ ಇಬ್ಬರಾಗುತ್ತಾನೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಅಚ್ಚಾದ ಹೆಸರೇ ಮುಂದಿನ ದಾಖಲೆಗಳಿಗೆಲ್ಲ ಆಧಾರವಾದುದರಿಂದ, ಪರೀಕ್ಷೆಯ ನೋಂದಣಿಗೆ ಮೊದಲೇ ಆಧಾರ್ ಮತ್ತು ಶಾಲಾ ದಾಖಲಾತಿಗಳನ್ನು ಪಕ್ಕದಲ್ಲಿಟ್ಟು ತಾಳೆ ನೋಡತಕ್ಕದ್ದು. ಜಾತಿ, ವರಮಾನಗಳ ಪ್ರಮಾಣಪತ್ರಗಳು 2011ರಲ್ಲಿ ರಚಿತವಾದ ‘ಸಕಾಲ’ ಅಧಿನಿಯಮದ ವ್ಯಾಪ್ತಿಗೆ ಸೇರಿವೆ. ಗೊತ್ತಾದ ಅವಧಿಯೊಳಗೆ ಅವನ್ನು ಪಡೆಯುವುದು ನಾಗರಿಕನ ಹಕ್ಕು. ಫಲಿತಾಂಶ ಬರುವ ಮುನ್ನವೇ ಅರ್ಜಿ ಹಾಕಿಸಿ, ಬ್ಯಾಂಕ್ ಖಾತೆಯನ್ನು ಆಧಾರ್‌ಗೆ ಜೋಡಿಸಿದರೆ ಬೇಸಗೆಯ ರಜೆ ಸಾರ್ಥಕವಾಗುತ್ತದೆ.

ದಾನಿಗಳ ಮತ್ತು ಹಳೆಯ ವಿದ್ಯಾರ್ಥಿಗಳ ಪಾಲು

ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದುದು, ಹಳ್ಳಿಯಿಂದ ಓದಲು ಬಂದ ಹುಡುಗನಿಗೆ ಆ ದಿನವೇ ಊಟ ಮತ್ತು ನೆಲೆ ಬೇಕೆಂಬುದನ್ನು ಅರಿತು. ದಾಸೋಹದ ತತ್ತ್ವವೇ ಅದು: ಹಸಿದಾಗ ಬಡಿಸುವುದು. ಆ ತತ್ತ್ವವನ್ನು ಶುಲ್ಕದ ವಿಷಯಕ್ಕೂ ವಿಸ್ತರಿಸಬೇಕೆಂಬುದು ನನ್ನ ವಿನಂತಿ.

ನಮ್ಮ ಜನರಲ್ಲಿ ‘ಕೈಗಡ’ ಎಂಬ ಸೊಗಸಾದ ಮಾತಿದೆ. ಪತ್ರವಿಲ್ಲದೆ, ಬಡ್ಡಿಯಿಲ್ಲದೆ, ನಂಬಿಕೆಯ ಮೇಲೆ ಸ್ವಲ್ಪ ಕಾಲಕ್ಕೆ ಕೊಡುವ ಹಣ ಅದು. ವರ್ಷಾಂತ್ಯದಲ್ಲಿ ಬಹುಮಾನವಾಗಿ ಹಂಚುವ ದತ್ತಿಗಳ ಜೊತೆಗೆ ಇಂತಹದೊಂದು ಕೈಗಡದ ನಿಧಿಯನ್ನು ಹಳೆಯ ವಿದ್ಯಾರ್ಥಿಗಳು ಸ್ಥಾಪಿಸಲಿ. ಪ್ರವೇಶದ ದಿನಗಳಲ್ಲಿ ಮುಖ್ಯೋಪಾಧ್ಯಾಯರ ಒಂದು ಸಹಿಯಿಂದ ಅದೇ ದಿನ ಹಣ ದೊರೆಯಲಿ; ವಿದ್ಯಾರ್ಥಿವೇತನ ಬಂದಾಗ ನಿಧಿಗೆ ಮರಳಲಿ; ಅದೇ ಹಣ ಮರುವರ್ಷ ಇನ್ನೊಬ್ಬರಿಗೆ ಒದಗಲಿ. ವೇತನ ಬಾರದೇ ಹೋದಲ್ಲಿ ಆ ಸಾಲವನ್ನು ದಾನವೆಂದೇ ಬರೆದು ಮುಗಿಸಲಿ. ಮಗುವನ್ನು ಋಣಭಾರಕ್ಕೆ ಗುರಿಮಾಡದಿರಲಿ. ಪಡೆದವರ ಹೆಸರನ್ನು ಪ್ರಕಟಿಸದಿರುವುದೂ ಈ ನಿಧಿಯ ನಿಯಮವಾಗಿರಲಿ.

ಹೆಚ್ಚು ಹಣ ಕೊಡುವ ಶಕ್ತಿ ಎಲ್ಲರಿಗೂ ಇರಲಾರದು. ಕೊಡುವುದನ್ನು ಬೇಕಾದ ವೇಳೆಗೆ ಕೊಡುವುದು ಎಲ್ಲರಿಗೂ ಸಾಧ್ಯವಾದುದು. ಬರುವ ಜೂನ್ ತಿಂಗಳ ಹೊತ್ತಿಗೆ ಈ ನಿಧಿ ಸಿದ್ಧವಾಗಿರುವಂತೆ ಶ್ರೀಮಠದ ಆಶೀರ್ವಾದದೊಡನೆ ಎಲ್ಲರೂ ಕೈಜೋಡಿಸಬೇಕೆಂದು ಪ್ರಾರ್ಥಿಸುತ್ತೇನೆ.