ಸಫಾರಿಗೆ ಹೊರಟಿರಾ? ಸೊಳ್ಳೆಯ ನೆನಪಿರಲಿ

ನಾಗರಹೊಳೆಗೋ ಬಂಡೀಪುರಕ್ಕೋ ಹೊರಟಿದ್ದೀರಿ, ಸಂತೋಷ. ಕ್ಯಾಮೆರಾ, ಬೈನಾಕ್ಯುಲರ್, ಕುರುಕಲು ತಿಂಡಿ ಎಲ್ಲ ಚೀಲ ಸೇರಿವೆ. ಸೊಳ್ಳೆಗೆ ಹಚ್ಚುವ ಮುಲಾಮು ಎಲ್ಲಿ ಎಂದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತೀರಿ. ಹುಲಿ ಕಾಣುವುದು ನಿಮ್ಮ ಪುಣ್ಯ. ಸೊಳ್ಳೆ ಕರೆಯದಿದ್ದರೂ ಬರುತ್ತದೆ, ಮಳೆಗಾಲದಲ್ಲಂತೂ ಕೇಳಲೇಬೇಡಿ.

‘ಸೊಳ್ಳೆ ಕಚ್ಚುವುದು ರಾತ್ರಿ ತಾನೇ’ ಎಂಬ ಧೈರ್ಯ ಬಿಡಿ. ಮಲೇರಿಯಾ ಹರಡುವ ಅನಾಫಿಲಿಸ್ ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚುವುದೇನೋ ನಿಜ. ಡೆಂಗಿ, ಚಿಕುನ್‌ಗುನ್ಯಾ ತರುವ ಈಡಿಸ್ ಹಗಲಿನದು. ಬೆಳಗಿನ ಎಳೆಬಿಸಿಲಿನಲ್ಲಿ, ಹೊತ್ತು ಮುಳುಗುವ ಮುಂಚೆ ಅದಕ್ಕೆ ಹಸಿವು ಹೆಚ್ಚು. ಸಫಾರಿ ಜೀಪು ಹೊರಡುವುದೂ ಅದೇ ಹೊತ್ತಿಗೆ! ಮರದ ಪೊಟರೆಯಲ್ಲೋ ಕಡಿದ ಬಿದಿರಿನ ಬುಡದಲ್ಲೋ ನಿಂತ ಬೊಗಸೆ ನೀರು ಸಾಕು ಅದರ ಸಂಸಾರಕ್ಕೆ. ನೀವು ಎಸೆದ ಜ್ಯೂಸ್ ಲೋಟವೂ ಸಾಕು. ಆ ಅಭ್ಯಾಸ ಬಿಡಲಾಗದಿದ್ದರೆ ದಯವಿಟ್ಟು ಮನೆಯಲ್ಲೇ ಇರಿ.

ತಿಳಿಬಣ್ಣದ, ಸಡಿಲವಾದ, ತುಂಬು ತೋಳಿನ ಬಟ್ಟೆ ತೊಡಿ. ಕಪ್ಪು ಬಟ್ಟೆಯತ್ತ ಸೊಳ್ಳೆ ಬೇಗ ಬರುತ್ತದೆ. ಮೈಗಂಟಿದ ಲೆಗ್ಗಿಂಗ್ಸ್ ಇದ್ದರೆ ಅದರ ಮೇಲಿನಿಂದಲೇ ಚುಚ್ಚುತ್ತದೆ. ಫೋಟೊಕ್ಕೆಂದು ಚಡ್ಡಿ ತೊಟ್ಟು ಬಂದವರಿಗೆ ನಾನೇನು ಹೇಳಲಿ? ಸನ್‌ಸ್ಕ್ರೀನ್ ಮೊದಲು, ಸೊಳ್ಳೆ ಮುಲಾಮು ಆಮೇಲೆ, ಅದೂ ಬಟ್ಟೆ ಮುಚ್ಚದ ಕಡೆ ಮಾತ್ರ. ಮಕ್ಕಳ ಅಂಗೈಗೆ ಹಚ್ಚಬೇಡಿ, ನೇರ ಬಾಯಿಗೆ ಹೋಗುತ್ತದೆ. ಡೀಟ್ ಎಂಬ ಸೊಳ್ಳೆ ನಿವಾರಕ ರಾಸಾಯನಿಕ ಇರುವ ಮುಲಾಮು 2 ತಿಂಗಳು ತುಂಬದ ಕೂಸಿಗೆ ಬೇಡವೇ ಬೇಡ. ಅದಕ್ಕೆ ಪರದೆಯೇ ಸರಿ.

ಕಚ್ಚಿತೇ? ಕೈಲಾಗದವನು ಮೈ ಪರಚಿಕೊಂಡ ಹಾಗೆ ಕೆರೆಯುತ್ತ ಕೂರಬೇಡಿ. ಉಗುರು ತಾಗಿ ಹುಣ್ಣಾದರೆ ಅದು ಬೇರೆಯೇ ಫಜೀತಿ. ಸೋಪು ಹಾಕಿ ತೊಳೆದು, ತಣ್ಣೀರು ಬಟ್ಟೆ ಇಡಿ.

ಊರಿಗೆ ಮರಳಿದ ಮೇಲೂ ಮೈಮರೆಯಬೇಡಿ. ಡೆಂಗಿ ಜ್ವರ ಕಾಣಿಸಿಕೊಳ್ಳುವುದು ಕಚ್ಚಿದ 4ರಿಂದ 10 ದಿನಗಳಲ್ಲಿ. ಮಲೇರಿಯಾ ವಾರ ಕಳೆದು ಬರುತ್ತದೆ, ಕೆಲವೊಮ್ಮೆ ತಿಂಗಳುಗಳೇ ಆಗುತ್ತವೆ. ಜ್ವರ ಬಂದರೆ ‘ಕಾಡಿಗೆ ಹೋಗಿದ್ದೆ’ ಎಂದು ಡಾಕ್ಟರಿಗೆ ನೀವೇ ಹೇಳಿ. ರಕ್ತ ಪರೀಕ್ಷೆ ಮಾಡಿಸಿ. ಮೈಕೈ ನೋವೆಂದು ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೇನ್ ತಂದು ನುಂಗಬೇಡಿ. ಡೆಂಗಿ ಇದ್ದರೆ ಅವು ರಕ್ತಸ್ರಾವ ಹೆಚ್ಚಿಸಬಲ್ಲವು. ಇನ್ನೊಂದು ಮಾತು: ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ನಾಜೂಕಿನದು. ಆಗ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ನಡೆಯಿರಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಕೆಲಸ ಬೇಡ. ಜ್ವರವಿರುವಷ್ಟು ದಿನ ಹಗಲಲ್ಲೂ ಪರದೆಯೊಳಗೆ ಮಲಗಿ. ಇಲ್ಲದಿದ್ದರೆ ನಿಮ್ಮನ್ನು ಕಚ್ಚಿದ ಮನೆಯ ಸೊಳ್ಳೆಯೇ ಮುಂದೆ ಮಕ್ಕಳಿಗೂ ಅಂಟಿಸೀತು.